ಬಾಗೇಪಲ್ಲಿಯ ಗೋಮಾಳವನ್ನು ನೋಡಿದ ನಾಲ್ಕು ಉಪಗ್ರಹಗಳು: ಒಂದು ಹೋಲಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ತಾಲ್ಲೂಕಿನ ಒಂದು ಕೆರೆಗೆ ಮಳೆನೀರು ಹರಿದುಬರುವ ಪ್ರದೇಶದಲ್ಲಿ ನೆಲ ಸುಧಾರಿಸುತ್ತಿದೆಯೇ, ಸವೆಯುತ್ತಿದೆಯೇ ಎಂಬ ಪ್ರಶ್ನೆಯನ್ನು ಹಿಡಿದು, 2022ರ ಕೊನೆಯಿಂದ ನಾನು ನಾಲ್ಕು ಬಗೆಯ ಉಪಗ್ರಹ ದತ್ತಾಂಶಗಳನ್ನು ಒಂದೇ ನೆಲದ ಮೇಲೆ ಪ್ರಯೋಗಿಸಿ ನೋಡುತ್ತ ಬಂದಿದ್ದೇನೆ. ದಿಣ್ಣೆಯ ಇಳಿಜಾರಿನಲ್ಲಿ ಗೋಮಾಳ, ಅದರ ಅಂಚಿಗೆ ನೀಲಗಿರಿ ತೋಪು, ಕೆಳಗೆ ರಾಗಿ ಮತ್ತು ನೆಲಗಡಲೆ ಬೆಳೆಯುವ ಖುಷ್ಕಿ ಹೊಲಗಳು, ಅವುಗಳ ನಡುವೆ ಕೊಳವೆಬಾವಿಯನ್ನು ನಂಬಿದ ಕೆಲವು ಟೊಮೇಟೊ ತೋಟಗಳು, ಕೊನೆಗೆ ಕೆರೆ: ಈ ಭಾಗದ ಯಾವ ಊರಿಗೆ ಹೋದರೂ ಕಾಣುವ ನೋಟವೇ ಇದು. ನಾನು ಹೋಲಿಸಿದವು ಅಮೆರಿಕದ ಮೋಡಿಸ್ ಮತ್ತು ಲ್ಯಾಂಡ್‌ಸ್ಯಾಟ್, ಯುರೋಪಿನ ಸೆಂಟಿನೆಲ್-2 ಮತ್ತು ನಮ್ಮ ಇಸ್ರೋದ ರಿಸೋರ್ಸ್‌ಸ್ಯಾಟ್. ನಾಲ್ಕರ ದತ್ತಾಂಶವೂ ಹಣ ಕೊಡದೆ ಸಿಗುತ್ತದೆ. ಆದ್ದರಿಂದ ಆಯ್ಕೆಯ ಪ್ರಶ್ನೆ ಬೆಲೆಯದ್ದಲ್ಲ, ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು ಎಂಬುದು.

ಹೋಲಿಕೆಗೆ ಬಳಸಿದ ಅಳತೆಗೋಲು ಎನ್‌ಡಿವಿಐ ಎಂಬ ಸಸ್ಯ ಸೂಚ್ಯಂಕ. ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪು ಕಿರಣವನ್ನು ಬಲವಾಗಿ ಹಿಂದಕ್ಕೆ ಕಳಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದು. ನಮ್ಮ ಕೆಂಪು ಮಣ್ಣಿನಲ್ಲಿ ಹುಲ್ಲು ವಿರಳವಾಗಿರುವಾಗ ಮಣ್ಣಿನ ಬಣ್ಣವೂ ಆ ಸಂಖ್ಯೆಯೊಳಗೆ ಸೇರಿಕೊಳ್ಳುವುದರಿಂದ, ಗೋಮಾಳದ ಮಟ್ಟಿಗೆ ಮಣ್ಣಿನ ಪ್ರಭಾವವನ್ನು ತಗ್ಗಿಸುವ ಸಾವಿ ಸೂಚ್ಯಂಕವನ್ನೂ ಜೊತೆಗೆ ಲೆಕ್ಕ ಹಾಕಿದೆ.

ಮೋಡಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2000ದ ಫೆಬ್ರವರಿಯಿಂದ ಇಂದಿನವರೆಗೆ ಹದಿನಾರು ದಿನಕ್ಕೊಂದರಂತೆ ಸಿದ್ಧ ಸೂಚ್ಯಂಕ ಸಿಗುತ್ತದೆ, ಮೋಡಗಳನ್ನು ಆದಷ್ಟು ಹೊರಗಿಟ್ಟಿರುತ್ತಾರೆ, ನಾವು ಮಾಡಬೇಕಾದ ಕೆಲಸ ಕಡಿಮೆ. ಆದರೆ ಅದರ ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚೌಕ, 250 ಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ ಸುಮಾರು ಹದಿನೈದೂವರೆ ಎಕರೆ. ನನ್ನ ಗೋಮಾಳದ ಅಂಚಿನಲ್ಲಿ ಬಿದ್ದ ಒಂದು ಪಿಕ್ಸೆಲ್ಲಿನೊಳಗೆ ಹುಲ್ಲು, ನೀಲಗಿರಿ, ಎರಡು ರಾಗಿ ಹೊಲ, ಒಂದು ಟೊಮೇಟೊ ತೋಟ ಎಲ್ಲವೂ ಕಲಸಿಹೋಗಿದ್ದವು. ಗೋಮಾಳ ಬೋಳಾಗುತ್ತಿದ್ದರೂ ತೋಟಕ್ಕೆ ಹನಿ ನೀರಾವರಿ ಬಂದರೆ ಆ ಪಿಕ್ಸೆಲ್ ಹಸಿರಾಗಿಯೇ ಉಳಿಯುತ್ತದೆ. ಇದಲ್ಲದೆ ಈ ಉಪಕರಣವನ್ನು ಹೊತ್ತಿರುವ ಟೆರ್ರಾ ಉಪಗ್ರಹಕ್ಕೆ ವಯಸ್ಸಾಗಿದೆ. 2020ರಿಂದೀಚೆಗೆ ಅದು ನಮ್ಮ ಮೇಲೆ ಹಾದುಹೋಗುವ ವೇಳೆ ನಿಧಾನವಾಗಿ ಬೆಳಗಿನ ಮುಂಚಿನ ಹೊತ್ತಿಗೆ ಸರಿಯುತ್ತಿದೆ. ಇಡೀ ಜಿಲ್ಲೆಯಲ್ಲಿ ಈ ವರ್ಷ ಮುಂಗಾರು ಬೆಳೆ ಹೇಗಿದೆ ಎಂದು ಕೇಳುವವರಿಗೆ ಮೋಡಿಸ್ ಸಾಕು. ಒಂದು ಕೆರೆಯ ಮೇಲ್ಭಾಗದ ನೆಲವನ್ನು ಕೇಳುವವರಿಗೆ ಸಾಲದು.

ರಿಸೋರ್ಸ್‌ಸ್ಯಾಟ್ ನಮ್ಮದೇ ಆದದ್ದರಿಂದ ಅದೇ ಗೆಲ್ಲಲಿ ಎಂಬ ಆಸೆ ನನಗಿತ್ತು. ದೇಶದ ಮರುಭೂಮೀಕರಣ ಮತ್ತು ಭೂ ಅವನತಿಯ ಭೂಪಟ ಸಂಪುಟವನ್ನು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರವು ಈ ಸರಣಿಯ ಚಿತ್ರಗಳಿಂದಲೇ ಸಿದ್ಧಪಡಿಸಿದೆ. 2018-19ರಲ್ಲಿ ದೇಶದ ಭೌಗೋಳಿಕ ವಿಸ್ತೀರ್ಣದ ಶೇ. 29.77ರಷ್ಟು, ಅಂದರೆ 9.785 ಕೋಟಿ ಹೆಕ್ಟೇರ್ ನೆಲ ಅವನತಿಗೆ ಸಿಲುಕಿತ್ತು ಎಂಬ ಲೆಕ್ಕ ಅದರದ್ದೇ. ಅದರ ಲಿಸ್-3 ಕ್ಯಾಮೆರಾದ ಪಿಕ್ಸೆಲ್ 23.5 ಮೀಟರ್, ಸುಮಾರು ಐದೂವರೆ ಗುಂಟೆ. ಹೊಲಗಳ ಅಂಚು ಲ್ಯಾಂಡ್‌ಸ್ಯಾಟ್‌ಗಿಂತ ತುಸು ಸ್ಪಷ್ಟವಾಗಿ ಕಂಡಿತು. ತೊಡಕು ಇರುವುದು ಕಾಲದಲ್ಲಿ. ಒಂದು ಉಪಗ್ರಹ ಅದೇ ಜಾಗಕ್ಕೆ ಮರಳಲು ಇಪ್ಪತ್ತನಾಲ್ಕು ದಿನ ಬೇಕು. ಗೋಮಾಳದ ಹುಲ್ಲು ಏರುವುದು ಮೋಡ ಕವಿದಿರುವ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ. ಆ ಅವಧಿಯಲ್ಲಿ ಬಂದ ಚಿತ್ರಗಳಲ್ಲಿ ಉಪಯೋಗಕ್ಕೆ ಬಂದವು ಬೆರಳೆಣಿಕೆಯಷ್ಟು. ನೀಲಿ ಬೆಳಕನ್ನು ಪ್ರತ್ಯೇಕವಾಗಿ ದಾಖಲಿಸುವ ಪಟ್ಟಿ ಇಲ್ಲದ ಕಾರಣ ತೆಳು ಮೋಡ, ಮಂಜುಗಳನ್ನು ಬೇರ್ಪಡಿಸುವುದೂ ಕಷ್ಟವಾಯಿತು. ಬೇಸಿಗೆಯ ಒಂದು ಶುಭ್ರ ಚಿತ್ರದಿಂದ ನೆಲಬಳಕೆಯ ನಕ್ಷೆ ಬರೆಯುವವರಿಗೆ ನಾನು ಇದನ್ನು ಖಂಡಿತ ಸೂಚಿಸುತ್ತೇನೆ. ವರ್ಷದೊಳಗಿನ ಏರಿಳಿತವನ್ನು ಹಿಡಿಯಬೇಕೆಂದರೆ ಇದೊಂದೇ ಸಾಲುವುದಿಲ್ಲ.

ಸೆಂಟಿನೆಲ್-2 ಮೊದಲ ನೋಟಕ್ಕೇ ಮನಸ್ಸನ್ನು ಹಿಡಿಯುತ್ತದೆ. ಅದರ ಕೆಂಪು ಮತ್ತು ಅವಕೆಂಪು ಪಟ್ಟಿಗಳ ಪಿಕ್ಸೆಲ್ ಹತ್ತು ಮೀಟರ್ ಚೌಕ, ನೂರು ಚದರ ಮೀಟರ್. ನಮ್ಮ ಒಂದು ಗುಂಟೆಯೆಂದರೆ 101 ಚದರ ಮೀಟರ್‌ಗೆ ತುಸು ಹೆಚ್ಚು. ಪಹಣಿಯಲ್ಲಿ ಎರಡು ಎಕರೆ ಹತ್ತು ಗುಂಟೆ ಎಂದಿದ್ದರೆ ಆ ಹೊಲದಲ್ಲಿ ಹೆಚ್ಚುಕಡಿಮೆ ತೊಂಬತ್ತು ಪಿಕ್ಸೆಲ್‌ಗಳಿರುತ್ತವೆ ಎಂದು ರೈತರಿಗೆ ವಿವರಿಸಿದಾಗ ಅವರು ತಕ್ಷಣ ಗ್ರಹಿಸಿದರು. ಅಳತೆ ಊರಿನ ಲೆಕ್ಕಕ್ಕೆ ಕೂಡಿಬಂದರೆ ಮಾತುಕತೆ ಎಷ್ಟು ಸುಲಭವಾಗುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ. ಎರಡು ಉಪಗ್ರಹಗಳಿಂದ ಐದು ದಿನಕ್ಕೊಮ್ಮೆ ಚಿತ್ರ ಬರುವುದರಿಂದ ಮಳೆಗಾಲದಲ್ಲಿಯೂ ನಡುನಡುವೆ ಶುಭ್ರ ದಿನಗಳು ಸಿಕ್ಕವು. ಇಳಿಜಾರಿನ ಕೊರಕಲುಗಳ ಇಕ್ಕೆಲದಲ್ಲಿ ಹುಲ್ಲು ಒಣಗುತ್ತ ಹೋಗುವುದು, ನೀರಿನ ಕುಂಟೆಯ ಸುತ್ತ ಮಾತ್ರ ಹಸಿರು ಉಳಿಯುವುದು, ಇವೆಲ್ಲ ಬೇರೆ ಯಾವುದರಲ್ಲಿಯೂ ಇಷ್ಟು ವಿವರವಾಗಿ ಕಾಣಲಿಲ್ಲ.

ಆದರೆ ಈ ದತ್ತಾಂಶದಲ್ಲಿಯೇ ನಾನು ದೊಡ್ಡದೊಂದು ತಪ್ಪು ಮಾಡಿದೆ. 2021ರ ಮತ್ತು 2022ರ ಫೆಬ್ರವರಿ ಚಿತ್ರಗಳನ್ನು ಹೋಲಿಸಿದಾಗ ಇಡೀ ಪ್ರದೇಶದ ಹಸಿರು ಒಂದೇ ವರ್ಷದಲ್ಲಿ ಕುಸಿದಂತೆ ಕಂಡಿತು. 2021ರ ನವೆಂಬರಿನ ಭಾರಿ ಮಳೆಗೆ ಕೆರೆಗಳು ಕೋಡಿ ಬಿದ್ದಿದ್ದ ವರ್ಷ ಅದು. ಕುಸಿಯುವುದಕ್ಕೆ ಕಾರಣವೇ ಇರಲಿಲ್ಲ. ಹುಡುಕಿದಾಗ ತಿಳಿದದ್ದು ಇಷ್ಟು: 2022ರ ಜನವರಿ 25ರ ನಂತರ ಸಂಸ್ಕರಿಸಿದ ಚಿತ್ರಗಳಲ್ಲಿ ಪ್ರತಿ ಪಿಕ್ಸೆಲ್ಲಿನ ಬೆಳಕಿನ ಸಂಖ್ಯೆಗೂ ಒಂದು ಸಾವಿರ ಸೇರಿಸಿರುತ್ತಾರೆ, ಬಳಸುವವರು ಅದನ್ನು ಕಳೆಯಬೇಕು. ಕೆಂಪಿನಲ್ಲಿ 800, ಅವಕೆಂಪಿನಲ್ಲಿ 2800 ಇದ್ದರೆ ಸೂಚ್ಯಂಕ 0.56 ಬರುತ್ತದೆ, ಕಳೆಯದೆ 1800 ಮತ್ತು 3800 ಎಂದೇ ಲೆಕ್ಕ ಹಾಕಿದರೆ ಅದೇ ಗಿಡ 0.36ಕ್ಕೆ ಇಳಿದುಬಿಡುತ್ತದೆ. ಈ ಬದಲಾವಣೆಯನ್ನು ಬಹಿರಂಗವಾಗಿಯೇ ಪ್ರಕಟಿಸಿದ್ದರು, ಓದದೆ ಹೋದವನು ನಾನು. ಉಪಗ್ರಹ ಚಿತ್ರಗಳನ್ನು ಅಂತರ್ಜಾಲದಲ್ಲೇ ಲೆಕ್ಕ ಹಾಕಲು ಬಳಸುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಈ ವ್ಯತ್ಯಾಸವನ್ನು ಸರಿಪಡಿಸಿದ ಪ್ರತ್ಯೇಕ ಸಂಗ್ರಹವಿದೆ. ಹೊಸದಾಗಿ ಆರಂಭಿಸುವವರು ಅದನ್ನೇ ಆರಿಸಿಕೊಳ್ಳಬೇಕು. ಬರ ಬಾರದ ಕಡೆ ಬರವನ್ನು ತೋರಿಸುವ ನಕ್ಷೆಯೊಂದು ಪಂಚಾಯಿತಿಯ ಕೈಗೆ ಹೋಗಿದ್ದರೆ ಅದನ್ನು ಹಿಂಪಡೆಯುವುದು ಸುಲಭವಿರಲಿಲ್ಲ.

ಇಷ್ಟೆಲ್ಲ ಗುಣವಿದ್ದರೂ ನನ್ನ ಮೂಲ ಪ್ರಶ್ನೆಗೆ ಸೆಂಟಿನೆಲ್ ಉತ್ತರ ಕೊಡಲಾರದು, ಏಕೆಂದರೆ ಅದರ ನೆನಪು 2015ಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ನೆಲ ಸವೆಯುವುದು ಒಂದೆರಡು ವರ್ಷದ ಮಾತಲ್ಲ. ಅಲ್ಲಿ ಲ್ಯಾಂಡ್‌ಸ್ಯಾಟ್‌ಗೆ ಸಾಟಿಯಿಲ್ಲ. 1984ರಲ್ಲಿ ಹಾರಿಸಿದ ಐದನೆಯ ಉಪಗ್ರಹದಿಂದ ಇಂದಿನ ಎಂಟು ಮತ್ತು ಒಂಬತ್ತನೆಯವುಗಳವರೆಗೆ ಮೂವತ್ತು ಮೀಟರ್ ಪಿಕ್ಸೆಲ್ಲಿನ, ಅಂದರೆ ಒಂಬತ್ತು ಗುಂಟೆಗೆ ತುಸು ಕಡಿಮೆಯ, ದಾಖಲೆ ನಾಲ್ಕು ದಶಕ ಸಾಗಿಬಂದಿದೆ. ದಾಖಲೆಗೆ ಗಾಯಗಳೂ ಇವೆ. ಏಳನೆಯ ಉಪಗ್ರಹದ ಒಂದು ಭಾಗ 2003ರ ಮೇ ಕೊನೆಯಲ್ಲಿ ಕೆಟ್ಟು, ಅಂದಿನಿಂದ ಅದರ ಚಿತ್ರಗಳಲ್ಲಿ ಗೆರೆಗೆರೆಯಾಗಿ ಸುಮಾರು ಶೇ. 22 ಭಾಗ ಖಾಲಿ. 2012ರಲ್ಲಿ ಮೂವತ್ತು ಮೀಟರಿನ ಚಿತ್ರ ಬೇಕೆಂದರೆ ಆ ಗೆರೆಗಳ ಚಿತ್ರವೊಂದೇ ಗತಿ. ಎಂಟನೆಯದರ ಅವಕೆಂಪು ಪಟ್ಟಿ ಹಿಂದಿನವುಗಳಿಗಿಂತ ಕಿರಿದು; ಹೊಂದಿಸಿಕೊಳ್ಳದೆ ಜೋಡಿಸಿದರೆ 2013ರಿಂದ ಊರೆಲ್ಲ ತುಸು ಹಸಿರಾದಂತೆ ಕಾಣುತ್ತದೆ.

ಅಷ್ಟನ್ನು ಸರಿಪಡಿಸಿಕೊಂಡು, ಪ್ರತಿ ವರ್ಷದ ಅಕ್ಟೋಬರ್ ಮತ್ತು ಮಾರ್ಚ್ ತಿಂಗಳುಗಳನ್ನು ಬೇರೆಬೇರೆಯಾಗಿ ಸಾಲುಗೂಡಿಸಿದಾಗ ನೆಲದ ಚರಿತ್ರೆ ಬಿಚ್ಚಿಕೊಂಡಿತು. ನೀಲಗಿರಿ ತೋಪು ಕೆಲವು ವರ್ಷಕ್ಕೊಮ್ಮೆ ಥಟ್ಟನೆ ಕೆಳಗಿಳಿದು, ಮತ್ತೆ ಚಿಗುರಿ ಏರುತ್ತಿತ್ತು. ಅದು ಕಡಿತದ ಗುರುತು, ಅವನತಿಯೂ ಅಲ್ಲ, ಸುಧಾರಣೆಯೂ ಅಲ್ಲ. ಎರಡೇ ವರ್ಷಗಳನ್ನು ಆಯ್ದು ಹೋಲಿಸುವವರು ಇದನ್ನು ಯಾವ ಬಣ್ಣದಲ್ಲಿ ಬೇಕಾದರೂ ತೋರಿಸಬಹುದು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದ ಮೇಲೆ ಒಂದು ತುಂಡು ಇಳಿದ ಮೇಲೆ ಏರಲೇ ಇಲ್ಲ. ಬುಡ ಕಿತ್ತು ರಾಗಿ ಹಾಕಿದ್ದರು. ಸೂಚ್ಯಂಕದ ಲೆಕ್ಕದಲ್ಲಿ ಅದು ಹಸಿರು ನಷ್ಟ, ಅಂತರ್ಜಲದ ಲೆಕ್ಕದಲ್ಲಿ ಹಾಗಲ್ಲ. ಖುಷ್ಕಿ ಹೊಲಗಳ ಮಾರ್ಚ್ ಹಸಿರು ಹೆಚ್ಚುತ್ತ ಬಂದದ್ದು ಕೊಳವೆಬಾವಿಗಳಿಂದ, ಮಣ್ಣಿನ ಫಲವತ್ತತೆಯಿಂದಲ್ಲ.

ನಾಲ್ಕೂ ಉಪಗ್ರಹಗಳಿಗೆ ಸಮಾನವಾದ ಕೊರತೆಯೊಂದಿದೆ: ಮಳೆಯ ಪ್ರಭಾವವನ್ನು ಲೆಕ್ಕದಿಂದ ಕಳೆಯದೆ ಯಾವ ಏರಿಳಿತಕ್ಕೂ ಅರ್ಥವಿಲ್ಲ. 2023ರ ಬರದಲ್ಲಿ ಗೋಮಾಳ ಕಂದಿದ್ದನ್ನು ಅವನತಿ ಎನ್ನಲಾಗದು. 1981ರಿಂದ ಲಭ್ಯವಿರುವ ಚಿರ್ಪ್ಸ್ ಮಳೆ ದತ್ತಾಂಶದೊಂದಿಗೆ ಪ್ರತಿ ವರ್ಷದ ಹಸಿರನ್ನು ಹೊಂದಿಸಿ, ಆ ಮಳೆಗೆ ಬರಬೇಕಾಗಿದ್ದ ಹಸಿರಿಗಿಂತ ಎಷ್ಟು ಕಡಿಮೆ ಬಂದಿದೆ ಎಂಬ ಶೇಷವನ್ನು ಮಾತ್ರ ನೋಡಿದೆ. ಆಗ ಗೋಮಾಳದ ಮೇಲಿನ ಇಳಿಜಾರು ಒಳ್ಳೆಯ ಮಳೆಯ ವರ್ಷಗಳಲ್ಲಿಯೂ ಹಿಂದಿನಷ್ಟು ಹಸಿರಾಗುತ್ತಿಲ್ಲ ಎಂಬುದು ಸ್ಪಷ್ಟವಾಯಿತು. ಮೇಲ್ಮಣ್ಣು ಕೊಚ್ಚಿಹೋದ ನೆಲ ಬಿದ್ದ ಮಳೆಯನ್ನು ಹಿಡಿದಿಡಲಾರದು. ಅದರ ಗುರುತು ಇದು. ಲ್ಯಾಂಡ್‌ಸ್ಯಾಟ್‌ನ ಉದ್ದನೆಯ ಸಾಲಿಲ್ಲದೆ ಈ ಮಾತನ್ನು ಧೈರ್ಯವಾಗಿ ಹೇಳಲು ಸಾಧ್ಯವಿರಲಿಲ್ಲ.

ಅದೇ ಲೆಕ್ಕ ಗೋಮಾಳದ ಕೆಳ ಅಂಚನ್ನು ಸುಧಾರಿಸಿದ ನೆಲ ಎಂದು ತೋರಿಸಿತು. ಸಂತೋಷದಿಂದ ಅಲ್ಲಿಗೆ ಹೋದೆ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ನನ್ನ ನಕ್ಷೆಯ ಹಸಿರು ಪಟ್ಟಿಯನ್ನು ನೋಡಿ, "ಹಸಿರಾಗಿದ್ರೆ ಸಾಕಾ ಸ್ವಾಮಿ? ಇದು ಲಂಟಾನ, ಅಲ್ಲಿರೋದು ಜಾಲಿ. ನಮ್ಮ ಕುರಿ ಇದಕ್ಕೆ ಬಾಯಿ ಹಾಕಲ್ಲ" ಎಂದರು. ಹತ್ತು ಮೀಟರಿನ ಸೆಂಟಿನೆಲ್ ಚಿತ್ರವಾಗಲಿ, ನಲವತ್ತು ವರ್ಷದ ಲ್ಯಾಂಡ್‌ಸ್ಯಾಟ್ ಸಾಲಾಗಲಿ ನನಗೆ ಅದನ್ನು ಹೇಳಿರಲಿಲ್ಲ. 2021ರ ನವೆಂಬರಿನಲ್ಲಿ ಕೊಯ್ಲಿಗೆ ಬಂದ ರಾಗಿ ಹೊಲದಲ್ಲಿಯೇ ಮಲಗಿ ತೆನೆಯಲ್ಲೇ ಮೊಳಕೆಯೊಡೆದಾಗಲೂ ಸೂಚ್ಯಂಕ ಹಸಿರನ್ನೇ ಹೇಳಿತ್ತು ಎಂಬುದು ಆಮೇಲೆ ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ ಗಮನಕ್ಕೆ ಬಂತು.

ಈಗ ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಎಲ್ಲಿ ನೋಡಬೇಕು ಎಂಬುದನ್ನು ಮಳೆ ಕಳೆದ ಲ್ಯಾಂಡ್‌ಸ್ಯಾಟ್ ಸಾಲಿನಿಂದ ಗುರುತಿಸುತ್ತೇನೆ. ಆ ತುಂಡುಗಳನ್ನು ಸೆಂಟಿನೆಲ್‌ನಲ್ಲಿ ಗುಂಟೆ ಗುಂಟೆಯಾಗಿ ಬಿಡಿಸಿಕೊಳ್ಳುತ್ತೇನೆ. ಫೆಬ್ರವರಿ, ಮಾರ್ಚ್‌ಗಳಲ್ಲಿ ಹುಲ್ಲು ಒಣಗಿ ಲಂಟಾನ, ಜಾಲಿಗಳು ಮಾತ್ರ ಹಸಿರಾಗಿ ಉಳಿದಿರುವಾಗ ಅಕ್ಟೋಬರಿನ ಚಿತ್ರದೊಂದಿಗೆ ಅದನ್ನು ಹೋಲಿಸುತ್ತೇನೆ. ಬೇಸಿಗೆಯ ಆ ಚಿತ್ರದಲ್ಲಿಯೂ ಅಕ್ಟೋಬರಿನದರಲ್ಲಿಯೂ ಹಸಿರಾಗಿರುವ ಗೋಮಾಳದ ಪಿಕ್ಸೆಲ್‌ಗಳನ್ನು ಸುಧಾರಿಸಿದ ನೆಲದ ಪಟ್ಟಿಯಿಂದ ತೆಗೆದು ಬೇರೆ ಇಡುತ್ತೇನೆ. ಹಾಗೆ ಬೇರೆ ಇಟ್ಟ ತುಂಡುಗಳ ಪಟ್ಟಿಯನ್ನು ಆ ಹಿರಿಯರ ಬಳಿ ಒಯ್ದು, ಅವರ ಜೊತೆ ಒಂದೊಂದನ್ನೇ ನಡೆದು ನೋಡುವ ಕೆಲಸ ಈಗ ಅರ್ಧ ಮುಗಿದಿದೆ.