ಟ್ರೋಲಿಂಗ್ ಮೋಟಾರ್ ಬಲ ಕಳೆದುಕೊಂಡಾಗ: ತಂತಿ, ಬ್ಯಾಟರಿ, ಪ್ರೊಪೆಲ್ಲರ್, ಬ್ರಷ್ – ಒಂದು ಹೋಲಿಕೆ

ಮೀನು ಹಿಡಿಯುವ ಸಣ್ಣ ದೋಣಿಯನ್ನು ಮುಂದೆ ತಳ್ಳುವ ವಿದ್ಯುತ್ ಟ್ರೋಲಿಂಗ್ ಮೋಟಾರ್ ಮೊದಲಿನಂತೆ ಎಳೆಯುತ್ತಿಲ್ಲ ಎಂದಾಗ ಸಾಮಾನ್ಯವಾಗಿ ನಾಲ್ಕು ಸಲಹೆಗಳು ಕೇಳಿಬರುತ್ತವೆ: ಲಿಥಿಯಂ ಬ್ಯಾಟರಿ ಹಾಕಿಸುವುದು, ತಂತಿಯನ್ನು ದಪ್ಪ ಮಾಡುವುದು, ಪ್ರೊಪೆಲ್ಲರ್ ಬದಲಿಸುವುದು, ಮೋಟಾರ್ ಬಿಚ್ಚಿ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಒತ್ತಿ ನಿಂತು ವಿದ್ಯುತ್ ದಾಟಿಸುವ ಇಂಗಾಲದ ತುಂಡು) ಹೊಸದು ಮಾಡುವುದು. ಈ ನಾಲ್ಕನ್ನೂ ನಾನು ಒಂದೊಂದಾಗಿ ಪರೀಕ್ಷಿಸಿದ್ದೇನೆ. ಮೊದಲ ಮೂರನ್ನು ಒಂದೇ ದೋಣಿಯಲ್ಲಿ ಒಂದೇ ಮೋಟಾರಿಗೆ ಮಾಡಿ ನೋಡಿದೆ. ಬ್ರಷ್ ಕೆಲಸವನ್ನು ಮಾತ್ರ ನನ್ನ ಬಳಿಯಿದ್ದ ಇನ್ನೊಂದು ಹಳೆಯ ಮೋಟಾರಿಗೆ ಮಾಡಿದೆ. ಸಲಹೆ ನೀಡುವವರು ಬಹುತೇಕ ಬ್ಯಾಟರಿಯಿಂದಲೇ ಆರಂಭಿಸುತ್ತಾರೆ. ನನ್ನ ಅಳತೆಗಳು ಮಾತ್ರ ಆ ಕ್ರಮವನ್ನು ಒಪ್ಪುವುದಿಲ್ಲ.

ಮೋಟಾರ್ 12 ವೋಲ್ಟ್‌ನದು, 55 ಪೌಂಡ್ ಒತ್ತುಬಲದ್ದು, ಅಂದರೆ ಸುಮಾರು 25 ಕೆ.ಜಿ. ಪೂರ್ಣ ವೇಗದಲ್ಲಿ ಅದು 50 ಆಂಪಿಯರ್‌ವರೆಗೆ ವಿದ್ಯುತ್ ಎಳೆಯುತ್ತದೆ. ದೋಣಿಯ ತೂಕ ಸರಿದೂಗಲೆಂದು ಬ್ಯಾಟರಿಯನ್ನು ಮುಂಭಾಗದಲ್ಲಿ ಇರಿಸಲಾಗಿದೆ, ಮೋಟಾರ್ ಹಿಂಭಾಗದಲ್ಲಿದೆ. ನಡುವಿನ ತಂತಿ ಹೋಗಲು ನಾಲ್ಕು ಮೀಟರ್, ಬರಲು ನಾಲ್ಕು ಮೀಟರ್. ಬಲವನ್ನು ಅಳೆಯಲು ದೋಣಿಯನ್ನು ನಿಂತ ನೀರಿನಲ್ಲಿ ಒಂದು ಗಟ್ಟಿ ಕಂಬಕ್ಕೆ ಹಗ್ಗದಿಂದ ಕಟ್ಟಿ, ಹಗ್ಗದ ನಡುವೆ ಸ್ಪ್ರಿಂಗ್ ತಕ್ಕಡಿ ಹಾಕಿ, ಪೂರ್ಣ ವೇಗದಲ್ಲಿ ಅದು ತೋರಿಸುವ ತೂಕವನ್ನು ಬರೆದುಕೊಂಡೆ. ಗಾಳಿ, ಅಲೆ, ದೋಣಿಯಲ್ಲಿರುವವರ ತೂಕ ಇವೆಲ್ಲವೂ ವೇಗವನ್ನು ಏರುಪೇರು ಮಾಡುತ್ತವೆ. ಹಗ್ಗದ ಎಳೆತಕ್ಕೆ ಆ ಗೊಂದಲವಿಲ್ಲ. ಯಾವುದನ್ನೂ ಬದಲಿಸುವ ಮೊದಲು ತಕ್ಕಡಿ 17 ಕೆ.ಜಿ. ತೋರಿಸಿತು.

ಬ್ಯಾಟರಿಯನ್ನು ಸುಮ್ಮನಿರುವಾಗ ಅಳೆದರೆ ಏನೂ ತಿಳಿಯುವುದಿಲ್ಲ. ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ಅಥವಾ 12.7 ವೋಲ್ಟ್ ತೋರಿಸುತ್ತದೆ, ಮತ್ತು ಅದೇ ಸಂಖ್ಯೆಯನ್ನು ಮೋಟಾರಿನ ಪ್ಲಗ್‌ನಲ್ಲೂ ತೋರಿಸುತ್ತದೆ, ಏಕೆಂದರೆ ವಿದ್ಯುತ್ ಹರಿಯದಿದ್ದಾಗ ತಂತಿಯಲ್ಲಿ ನಷ್ಟವೂ ಇರುವುದಿಲ್ಲ. ಅಳತೆಯನ್ನು ಪ್ರೊಪೆಲ್ಲರ್ ನೀರಿನಲ್ಲಿ ಪೂರ್ಣ ವೇಗದಲ್ಲಿ ತಿರುಗುತ್ತಿರುವಾಗಲೇ, ಎರಡೂ ತುದಿಗಳಲ್ಲಿ, ತೆಗೆದುಕೊಳ್ಳಬೇಕು. ಹಾಗೆ ನೋಡಿದಾಗ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ 12.1 ವೋಲ್ಟ್ ಇತ್ತು, ಮೋಟಾರಿನ ಪ್ಲಗ್‌ನಲ್ಲಿ 10.0 ವೋಲ್ಟ್ ಮಾತ್ರ. ತಂತಿಯನ್ನು ಸುತ್ತಿ ಹಿಡಿದು ಅದರಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಕ್ಲಾಂಪ್ ಮೀಟರ್ 36 ಆಂಪಿಯರ್ ತೋರಿಸಿತು. 50 ಎಳೆಯಬೇಕಾದ ಮೋಟಾರ್ 36ಕ್ಕೆ ನಿಂತಿದೆ ಎಂದರೆ ಅದಕ್ಕೆ ಬೇಕಾದಷ್ಟು ವೋಲ್ಟೇಜ್ ಸಿಗದೆ ಅದು ನಿಧಾನವಾಗಿ ತಿರುಗುತ್ತಿದೆ ಎಂದರ್ಥ.

ಕಳೆದುಹೋದ 2.1 ವೋಲ್ಟ್ ಎಲ್ಲಿ ಹೋಯಿತು ಎಂಬುದನ್ನು ತುಂಡುತುಂಡಾಗಿ ಹುಡುಕಬಹುದು. ಮೋಟಾರ್ ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಪರೀಕ್ಷಾ ಕಡ್ಡಿಯನ್ನು ತಂತಿಯ ಒಂದು ತುದಿಗೂ ಇನ್ನೊಂದನ್ನು ಅದೇ ತಂತಿಯ ಮತ್ತೊಂದು ತುದಿಗೂ ಇಟ್ಟರೆ, ಆ ಭಾಗ ನುಂಗುವ ವೋಲ್ಟೇಜ್ ನೇರವಾಗಿ ಕಾಣುತ್ತದೆ. ನನ್ನ ದೋಣಿಯಲ್ಲಿ 4 ಚದರ ಮಿ.ಮೀ. ತಂತಿ ಇತ್ತು. ಆ ದಪ್ಪದ ತಾಮ್ರಕ್ಕೆ ಮೀಟರಿಗೆ ಸುಮಾರು 4.6 ಮಿಲಿಓಮ್ ರೋಧವಿರುತ್ತದೆ. ಎಂಟು ಮೀಟರಿಗೆ 37 ಮಿಲಿಓಮ್, 36 ಆಂಪಿಯರಿಗೆ 1.3 ವೋಲ್ಟ್. ಲೆಕ್ಕವೂ ಮೀಟರೂ ಒಂದೇ ಮಾತು ಹೇಳಿದವು. ಉಳಿದ 0.8 ವೋಲ್ಟ್ ಬ್ರೇಕರ್ (ವಿದ್ಯುತ್ ಮಿತಿಮೀರಿದರೆ ಕಡಿಯುವ ಸ್ವಿಚ್), ಪ್ಲಗ್ ಮತ್ತು ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಹಂಚಿಹೋಗಿತ್ತು. ಟರ್ಮಿನಲ್‌ನಲ್ಲಿದ್ದುದು ಬೆರಳಿನಿಂದ ಬಿಗಿಯುವ ರೆಕ್ಕೆಯ ನಟ್. ಅದನ್ನು ಬಿಚ್ಚಿದಾಗ ತಂತಿಯ ತುದಿಗೆ ಹಾಕುವ ಲೋಹದ ಉಂಗುರದ, ಅಂದರೆ ಲಗ್‌ನ ಅಡಿಯಲ್ಲಿ ಬಿಳಿ ಪುಡಿ ಕೂತಿತ್ತು, ಲಗ್‌ನ ಕತ್ತಿನಲ್ಲಿ ತಾಮ್ರದ ಎಳೆಗಳು ಹಸಿರುಗಟ್ಟಿದ್ದವು, ಮತ್ತು ತಂತಿಯ ಹೊದಿಕೆಯನ್ನು ಒಂದು ಗೇಣು ಹಿಂದಕ್ಕೆ ಸೀಳಿದರೂ ಒಳಗಿನ ತಾಮ್ರ ಹೊಳಪಿಲ್ಲದೆ ಕಪ್ಪಾಗಿಯೇ ಇತ್ತು. ತೇವ ಎಳೆಗಳ ನಡುವೆ ಅಷ್ಟು ದೂರ ಏರಿರುತ್ತದೆ. ಆದ್ದರಿಂದ ತುದಿಯನ್ನಷ್ಟೇ ಕತ್ತರಿಸಿ ಹೊಸ ಲಗ್ ಹಾಕುವುದು ಸಾಲದು.

ತಂತಿ ಮತ್ತು ಬ್ಯಾಟರಿ, ಈ ಎರಡರ ನಡುವಿನ ಹೋಲಿಕೆಯೇ ಮುಖ್ಯವಾದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದೆ. ಹಳೆಯ ತಂತಿಯನ್ನು ಹಾಗೆಯೇ ಉಳಿಸಿಕೊಂಡು 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಜೋಡಿಸಿದಾಗ, ಟರ್ಮಿನಲ್‌ನಲ್ಲಿ 12.9 ವೋಲ್ಟ್ ಇದ್ದರೂ ಮೋಟಾರಿಗೆ ತಲುಪಿದ್ದು 10.7. ತಕ್ಕಡಿ 19 ಕೆ.ಜಿ.ಗೆ ಏರಿತು. ಹಳೆಯ ಲೆಡ್ ಆಸಿಡ್ ಬ್ಯಾಟರಿಗೇ ಮರಳಿ, ತಂತಿಯನ್ನು 16 ಚದರ ಮಿ.ಮೀ.ಗೆ ಬದಲಿಸಿ, ತವರ ಲೇಪಿಸಿದ ತಾಮ್ರದ ಲಗ್‌ಗಳನ್ನು ಸರಿಯಾದ ಉಪಕರಣದಿಂದ ತಂತಿಯ ಮೇಲೆ ಒತ್ತಿ ಬಿಗಿಸಿ (ಕ್ರಿಂಪ್ ಮಾಡಿಸಿ), ರೆಕ್ಕೆಯ ನಟ್ ಬದಲು ಸ್ಪ್ಯಾನರ್‌ನಿಂದ ಬಿಗಿಯುವ ನಟ್ ಹಾಕಿದಾಗ ಮೋಟಾರಿನಲ್ಲಿ 11.4 ವೋಲ್ಟ್ ಸಿಕ್ಕಿತು, ತಕ್ಕಡಿ 22 ಕೆ.ಜಿ. ತೋರಿಸಿತು. ಅಂದರೆ ಬ್ಯಾಟರಿಗೆ ಕೊಟ್ಟ ಹಣದ ಒಂದು ಸಣ್ಣ ಪಾಲಿನಲ್ಲಿ ಬ್ಯಾಟರಿ ಕೊಟ್ಟದ್ದಕ್ಕಿಂತ ಹೆಚ್ಚು ಬಲ ಬಂತು. ಪ್ರೊಪೆಲ್ಲರಿನ ಒತ್ತುಬಲ ತಿರುಗುವ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೋಲ್ಟೇಜಿನಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸ ನೀರಿನಲ್ಲಿ ದೊಡ್ಡದಾಗುತ್ತದೆ.

ಎರಡೂ ಸೇರಿದಾಗ 24 ಕೆ.ಜಿ. ಬಂತು, ಮೋಟಾರಿನ ಮೇಲೆ ಬರೆದಿರುವ ಬಲಕ್ಕೆ ಅದು ಬಹಳ ಹತ್ತಿರ.

ಹಾಗೆಂದು ಲಿಥಿಯಂ ಬ್ಯಾಟರಿಯನ್ನು ಕಡೆಗಣಿಸುವಂತಿಲ್ಲ. ಅದರ ನಿಜವಾದ ಲಾಭ ಸಮಯದಲ್ಲಿದೆ. ಲೆಡ್ ಆಸಿಡ್ ಬ್ಯಾಟರಿಯ ಮೇಲೆ ಬರೆದಿರುವ 100 ಆಂಪಿಯರ್-ಅವರ್ ಸಾಮಾನ್ಯವಾಗಿ ಇಪ್ಪತ್ತು ಗಂಟೆಗಳ ಲೆಕ್ಕ, ಅಂದರೆ ಸತತವಾಗಿ 5 ಆಂಪಿಯರ್‌ನಂತೆ ನಿಧಾನವಾಗಿ ಎಳೆದಾಗ ಸಿಗುವ ಪ್ರಮಾಣ. ಅದನ್ನೇ 40 ಅಥವಾ 50 ಆಂಪಿಯರಿನಲ್ಲಿ ಎಳೆದರೆ ಸಿಗುವುದು ಗಣನೀಯವಾಗಿ ಕಡಿಮೆ, ಮತ್ತು ಬ್ಯಾಟರಿಯ ಬಾಳಿಕೆಗಾಗಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬ ನಿಯಮ ಬೇರೆ ಇದೆ. ಲಿಥಿಯಂ ತನ್ನಲ್ಲಿರುವುದನ್ನು ಹೆಚ್ಚೂಕಡಿಮೆ ಪೂರ್ತಿ ಕೊಡುತ್ತದೆ. ಅಷ್ಟೇ ಮುಖ್ಯವಾಗಿ, ಕೊನೆಯವರೆಗೂ ವೋಲ್ಟೇಜನ್ನು ಹೆಚ್ಚು ಬಿಟ್ಟುಕೊಡುವುದಿಲ್ಲ. ಬೆಳಿಗ್ಗೆ ಹೊರಟ ಬಲದಲ್ಲೇ, ಸಂಜೆ ಎದುರುಗಾಳಿಯಲ್ಲಿ ದಡಕ್ಕೆ ಮರಳುವುದು ಎಷ್ಟು ನೆಮ್ಮದಿಯ ಸಂಗತಿ ಎಂಬುದು ಒಮ್ಮೆ ಅನುಭವಿಸಿದವರಿಗೆ ಗೊತ್ತು. ತೂಕವೂ ಅರ್ಧಕ್ಕಿಂತ ಕಡಿಮೆ. ಪ್ರತಿಯಾಗಿ ಕೆಲವು ಷರತ್ತುಗಳಿವೆ: 14.6 ವೋಲ್ಟ್‌ಗೆ ಮೀರದ, ಅದಕ್ಕೆಂದೇ ಇರುವ ಚಾರ್ಜರ್ ಬೇಕು. ಶೂನ್ಯ ಡಿಗ್ರಿಗಿಂತ ಕೆಳಗಿನ ಉಷ್ಣತೆಯಲ್ಲಿ ಚಾರ್ಜ್ ಮಾಡಬಾರದು. ಖಾಲಿಯಾದಾಗ ಒಳಗಿನ ರಕ್ಷಣಾ ಸರ್ಕ್ಯೂಟ್ ಯಾವ ಮುನ್ಸೂಚನೆಯೂ ಇಲ್ಲದೆ ವಿದ್ಯುತ್ ಕಡಿಯುತ್ತದೆ. ಲೆಡ್ ಆಸಿಡ್ ಮೆಲ್ಲಮೆಲ್ಲನೆ ಸೋಲುತ್ತದೆ, ಲಿಥಿಯಂ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ದೂರ ಹೋಗುವವರು ಹುಟ್ಟನ್ನು ಜೊತೆಗೆ ಒಯ್ಯಬೇಕು. ತಂತಿ ಎಷ್ಟೇ ದಪ್ಪವಿರಲಿ, ಎರಡೂ ಬಗೆಯ ಬ್ಯಾಟರಿಗೂ ಟರ್ಮಿನಲ್‌ಗೆ ಆದಷ್ಟು ಹತ್ತಿರದಲ್ಲಿ ಸರಿಯಾದ ಬ್ರೇಕರ್ ಅಥವಾ ಫ್ಯೂಸ್ ಇರಲೇಬೇಕು.

ಪ್ರೊಪೆಲ್ಲರಿನ ವಿಷಯಕ್ಕೆ ಬರೋಣ. ಮೂರು ಎಲೆಯದನ್ನೂ, ಕಳೆ ಸಿಕ್ಕಿಕೊಳ್ಳದಂತೆ ಬಾಗಿದ ಎಲೆಗಳಿರುವ ಎರಡು ಎಲೆಯದನ್ನೂ ಹಾಕಿ ನೋಡಿದೆ. ತಿಳಿನೀರಿನಲ್ಲಿ ತಕ್ಕಡಿಯ ಮೇಲಿನ ಅಂತರ ಒಂದು ಕೆ.ಜಿ.ಯೂ ಇರಲಿಲ್ಲ; ಆ ತಕ್ಕಡಿಯ ನಿಖರತೆಗೆ ಅದನ್ನು ಅಂತರ ಎನ್ನಲು ಬರುವುದಿಲ್ಲ. ಜೊಂಡು ಮತ್ತು ನೀರುಕಳೆ ಇರುವ ಕಡೆ ಮಾತ್ರ ಎರಡು ಎಲೆಯದು ಸ್ಪಷ್ಟವಾಗಿ ಮೇಲು: ಮೂರು ಎಲೆಯದು ಕಳೆಯನ್ನು ಸುತ್ತಿಕೊಂಡು ಉಸಿರುಗಟ್ಟುವ ಜಾಗದಲ್ಲಿ ಅದು ಕತ್ತರಿಸಿ ಮುಂದೆ ಸಾಗಿತು. ಆದರೆ ಹೊಸ ಪ್ರೊಪೆಲ್ಲರ್ ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ ಅದರ ಹಿಂದೆ ನೋಡುವುದು ಒಳ್ಳೆಯದು. ನಟ್ ತೆಗೆದು, ಅಡ್ಡಪಿನ್ ಹೊರಗೆಳೆದು ನೋಡಿದಾಗ ನನ್ನ ಮೋಟಾರಿನ ದಂಡದ ಸುತ್ತ ಗಾಳದ ದಾರ ಸುತ್ತಿಕೊಂಡು, ಬಿಸಿಗೆ ಕರಗಿ, ಒಂದು ಕಪ್ಪು ಉಂಗುರದಂತೆ ಗಟ್ಟಿಯಾಗಿತ್ತು. ಅದರಿಂದ ಒತ್ತುಬಲಕ್ಕೆ ಆಗುವ ನಷ್ಟಕ್ಕಿಂತ ಸೀಲ್‌ಗೆ ಆಗುವ ಹಾನಿ ದೊಡ್ಡದು, ಏಕೆಂದರೆ ದಾರ ಸೀಲನ್ನು ಕೊರೆದರೆ ನೀರು ಮೋಟಾರಿನ ಒಳಗೆ ಇಳಿಯುತ್ತದೆ. ದಾರವನ್ನು ಚೂರಿಯಿಂದ ಕೀಳುವಾಗ ಸೀಲ್‌ನ ತುಟಿಗೆ ಮೊನೆ ತಾಗದಂತೆ ನೋಡಿಕೊಳ್ಳಬೇಕು.

ಖರ್ಚೇ ಇಲ್ಲದ ಒಂದು ಪರಿಹಾರವೂ ಇದೆ: ಆಳ. ಪ್ರೊಪೆಲ್ಲರಿನ ಮೇಲಿನ ಅಂಚು ನೀರಿನ ಮಟ್ಟಕ್ಕೆ ಹತ್ತಿರವಿದ್ದರೆ ಅದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಸದ್ದು ಹೆಚ್ಚಿ ಎಳೆತ ಬಿದ್ದುಹೋಗುತ್ತದೆ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಆಳಕ್ಕೆ ಇಳಿಸಿದರೆ ಸಾಕು, ಸದ್ದು ಅಡಗುತ್ತದೆ.

ಬ್ರಷ್ ಬದಲಿಸುವ ಕೆಲಸಕ್ಕೆ ಇಳಿಯುವ ಮೊದಲು ಲಕ್ಷಣ ಹೊಂದುತ್ತದೆಯೇ ಎಂದು ನೋಡಬೇಕು. ಪ್ಲಗ್‌ನಲ್ಲಿ ವೋಲ್ಟೇಜ್ ಸರಿಯಾಗಿದ್ದು ಆಂಪಿಯರ್ ಮಾತ್ರ ಕಡಿಮೆಯಿದ್ದರೆ, ಮೋಟಾರ್ ತಡವರಿಸಿ ಹೊರಟರೆ, ಅಥವಾ ಹೊರಮೈಯನ್ನು ತಟ್ಟಿದಾಗ ಮಾತ್ರ ತಿರುಗಿದರೆ, ಬ್ರಷ್ ಸವೆದಿರುವ ಸಾಧ್ಯತೆ ಹೆಚ್ಚು. ನನ್ನ ಹಳೆಯ ಮೋಟಾರಿನದು ಇದೇ ಕಥೆ. ಹಿಂಬದಿಯ ಉದ್ದ ಬೋಲ್ಟ್‌ಗಳನ್ನು ಬಿಚ್ಚಿ ತೆರೆದಾಗ ಒಳಗೆಲ್ಲ ಇಂಗಾಲದ ಪುಡಿ. ಅದನ್ನು ಒರೆಸಿ, ಬ್ರಷ್ ಉಜ್ಜುವ ತಾಮ್ರದ ಉರುಳೆಯಾದ ಕಮ್ಯುಟೇಟರಿನ ಗೆರೆಗಳನ್ನು ಸ್ವಚ್ಛ ಮಾಡಿ, ಹೊಸ ಬ್ರಷ್, ಹೊಸ ಸೀಲ್, ನೀರು ತಡೆಯುವ ಹೊಸ ರಬ್ಬರ್ ಉಂಗುರ (ಓ-ರಿಂಗ್) ಹಾಕಿದ ಮೇಲೆ ತಡವರಿಕೆ ಪೂರ್ತಿ ಹೋಯಿತು. ಮರುಜೋಡಣೆಯಲ್ಲಿ ಕಾಂತಗಳು ಆರ್ಮೇಚರನ್ನು (ಸುರುಳಿಗಳಿರುವ ತಿರುಗುವ ಭಾಗವನ್ನು) ಸೆಳೆದುಕೊಳ್ಳುವುದರಿಂದ ಬ್ರಷ್‌ಗಳನ್ನು ಹಿಂದಕ್ಕೆ ಒತ್ತಿ ಹಿಡಿದಿರಬೇಕು. ಇಲ್ಲವಾದರೆ ಅಂಚು ಮುರಿಯುತ್ತದೆ. ಐದು ಹಂತದ ಹಳೆಯ ಬಗೆಯ ಮೋಟಾರಿನಲ್ಲಿ ಕೆಳಗಿನ ವೇಗಗಳು ಸತ್ತು ಕೊನೆಯದು ಮಾತ್ರ ಓಡುತ್ತಿದ್ದರೆ ದೋಷ ಬ್ರಷ್‌ನಲ್ಲಿ ಇರುವುದಿಲ್ಲ, ವೇಗ ಇಳಿಸುವ ಕಾಯಿಲ್ ಸುಟ್ಟಿರುತ್ತದೆ.

ಪ್ಲಗ್‌ನಲ್ಲಿ 12 ವೋಲ್ಟ್ ಇದ್ದು, ಆಂಪಿಯರ್ ಪೂರ್ತಿ ಎಳೆಯುತ್ತಿದ್ದು, ಪ್ರೊಪೆಲ್ಲರ್ ಸ್ವಚ್ಛವಾಗಿ ಸಾಕಷ್ಟು ಆಳದಲ್ಲಿದ್ದೂ ತಕ್ಕಡಿ ಏರದಿದ್ದರೆ, ಒಳಗೆ ನೀರು ಹೊಕ್ಕು ಬೇರಿಂಗ್ ಹಿಡಿದಿರಬಹುದು, ಆರ್ಮೇಚರಿನ ಸುರುಳಿಗಳು ಒಂದಕ್ಕೊಂದು ತಾಗಿರಬಹುದು, ಅಪರೂಪಕ್ಕೆ ಕಾಂತಗಳೇ ದುರ್ಬಲವಾಗಿರಬಹುದು. ಬೇರಿಂಗ್ ಆದರೆ ರಿಪೇರಿ ಸಾಧ್ಯ. ಉಳಿದೆರಡಕ್ಕೆ ಹೊಸ ಮೋಟಾರ್ ಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ. ದಪ್ಪ ತಂತಿಯೂ ಹೊಸ ಲಗ್‌ಗಳೂ ಆ ಮೋಟಾರಿಗೂ ಹಾಗೆಯೇ ಉಪಯೋಗಕ್ಕೆ ಬರುತ್ತವೆ.