ಬುಲೆಟ್ ಹೆಡ್ ಕಿಟ್: ಜೊತೆಗೆ ಬಂದ ಸ್ಪ್ರಿಂಗಿಗೆ ಒಂದೇ ಸ್ಟಾರ್

ಹಳೇ ಕಾಸ್ಟ್ ಐರನ್ ಬುಲೆಟ್ 350ರ ಹೆಡ್ ಕಿಟ್ ಬಗ್ಗೆ ನಾನು ಓದಿದ ವಿಮರ್ಶೆಗಳೆಲ್ಲ ಫಿಟ್ ಮಾಡಿಸಿದ ವಾರದಲ್ಲೇ ಬರೆದವು. ನನ್ನ ಗಾಡಿ ಈ ಕಿಟ್ ಹಾಕ್ಕೊಂಡು ಎರಡು ಮಳೆಗಾಲ ಕಳೆದಿದೆ. ಡಬ್ಬದಲ್ಲಿ ಇರೋದು ಇಷ್ಟು: ಗಾಳಿ ಹೋಗೋ ದಾರಿ ಅಗಲ ಮಾಡಿದ, ಅಂದ್ರೆ ಪೋರ್ಟಿಂಗ್ ಮಾಡಿದ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ), ಆ ದಾರಿಗೆ ಬಾಗಿಲಾಗಿರೋ ದೊಡ್ಡ ವಾಲ್ವ್, ಜಾಸ್ತಿ ಲಿಫ್ಟಿನ (ವಾಲ್ವನ್ನ ಹೆಚ್ಚು ತೆರೆಯೋ) ಕ್ಯಾಮ್ ಗೇರ್ ಎರಡು, ವಾಲ್ವನ್ನ ವಾಪಸ್ ಮುಚ್ಚೋ ಸ್ಪ್ರಿಂಗ್.

ಹೆಡ್ ಬಗ್ಗೆ ಎರಡು ಮಾತಿಲ್ಲ. ಚಾಮುಂಡಿ ಬೆಟ್ಟದ ರಸ್ತೇಲಿ ಹಿಂದೆ ಹೆಂಡತೀನ ಕೂರಿಸ್ಕೊಂಡು ಹೋಗುವಾಗ ಎರಡನೇ ಗೇರಿಗೆ ಇಳಿಸಲೇಬೇಕಿದ್ದ ತಿರುವುಗಳಲ್ಲಿ ಈಗ ಮೂರರಲ್ಲೇ ಹತ್ತುತ್ತೆ. ಕ್ಯಾಮೂ ಅದಕ್ಕೆ ತಕ್ಕ ಹಾಗಿದೆ. ತಕರಾರು ಇರೋದು ಸ್ಪ್ರಿಂಗ್ ಹತ್ರ.

ಭಾನುವಾರ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ, ಕಾಫಿ ಲೋಟ ಪಕ್ಕದಲ್ಲಿಟ್ಕೊಂಡು ಟ್ಯಾಪೆಟ್ ಕವರ್ ಬಿಚ್ಚೋದು ನನಗೆ ಮೊದಲಿಂದ ಬಂದ ಚಟ. ಪಿಸ್ಟನ್ನನ್ನ ಕಂಪ್ರೆಷನ್ನಿನ ತುದಿಗೆ ತಂದು ಕ್ಯಾಮಿನ ತಳ್ಳನ್ನ ಮೇಲೆ ವಾಲ್ವ್ ಕಡೆಗೆ ಒಯ್ಯೋ ಪುಶ್ ರಾಡನ್ನ ಎರಡು ಬೆರಳಲ್ಲಿ ಹಿಡಿದು ತಿರುಗಿಸಬೇಕು. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲ್ಲಾಡಬಾರದು. ಕಿಟ್ ಹಾಕಿಸಿದ ಮೇಲೆ ಇನ್‌ಲೆಟ್ (ಒಳಗೆ ಬಿಡೋ ವಾಲ್ವಿನ) ರಾಡ್ ವಾರ ವಾರವೂ ಅಲ್ಲಾಡೋಕೆ ಶುರುವಾಯ್ತು. ಟೈಟ್ ಮಾಡಿದರೆ ಮುಂದಿನ ಭಾನುವಾರ ಮತ್ತೆ ಲೂಸು. ಆಯಿಲ್ ಬದಲಾಯಿಸುವಾಗ ಟ್ರೇಯಲ್ಲಿ ಲೋಹದ ಪುಡಿಯ ಸಣ್ಣ ಮಿನುಗು ಬೇರೆ.

ನಮ್ಮೂರು ಮೈಸೂರಿನ ಹಳೇ ಮೆಕ್ಯಾನಿಕ್‌ಗಳು ಯೆಜ್ಡಿ ಬಿಚ್ಚಿ ಬೆಳೆದವರು. ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕೋವರೆಗೂ ಮಾಡಿದ್ದು ಟೂ ಸ್ಟ್ರೋಕ್ ಗಾಡಿಗಳನ್ನೇ. ಅದರಲ್ಲಿ ವಾಲ್ವೇ ಇಲ್ಲ, ಇನ್ನು ಸ್ಪ್ರಿಂಗ್ ಮಾತೆಲ್ಲಿ? ಆದರೂ ಮಂಡಿ ಮೊಹಲ್ಲಾದ ನಮ್ಮ ಮೇಸ್ತ್ರಿ ಒಂದೇ ಮಾತಲ್ಲಿ ಹೇಳಿದ್ರು: "ಸಾರ್, ವಾಲ್ವ್ ಸೀಟ್ ಸವೆದ್ರೆ ಟ್ಯಾಪೆಟ್ ಬಿಗಿ ಆಗುತ್ತೆ. ಲೂಸ್ ಆಗ್ತಿದೆ ಅಂದ್ರೆ ಸವೀತಿರೋದು ಕ್ಯಾಮು."

ಕ್ಯಾಮ್ ಮುಚ್ಚಿರೋ ಟೈಮಿಂಗ್ ಕವರ್ ಬಿಚ್ಚಿದರೆ ಹಾಗೇ ಆಗಿತ್ತು. ಇನ್‌ಲೆಟ್ ಕ್ಯಾಮಿನ ಮೂಗು, ಅಂದ್ರೆ ಎತ್ತೋ ತುದಿ, ಉಗುರಿಗೆ ಸಿಗೋ ಅಷ್ಟು ಸವೆದಿತ್ತು.

ಕ್ಯಾಮಿನ ಮೇಲೆ ಭಾರ ಹಾಕೋದು ಸ್ಪ್ರಿಂಗೇ ಅಲ್ವಾ, ಆಮೇಲೆ ಅದನ್ನ ಅಳತೆಗೆ ಹಾಕಿದ್ವಿ. ಬೆಂಚ್ ಡ್ರಿಲ್ಲಿಂಗ್ ಮಷೀನ್ ಕೆಳಗೆ ಮನೇಲಿ ತೂಕ ನೋಡ್ಕೊಳ್ಳೋ ತಕ್ಕಡಿ, ಅದರ ಮೇಲೆ ಸ್ಪ್ರಿಂಗು, ಪಕ್ಕದಲ್ಲಿ ಎತ್ತರ ಅಳೆಯೋಕೆ ವರ್ನಿಯರ್. ವಾಲ್ವ್ ಮುಚ್ಚಿದಾಗ ಹೆಡ್‌ನಲ್ಲಿ ಸ್ಪ್ರಿಂಗಿಗೆ ಸಿಗೋ ಎತ್ತರ 34 ಮಿ.ಮೀ. ಅಷ್ಟಕ್ಕೆ ಅದುಮಿದಾಗ ತಕ್ಕಡಿ 45 ಕೆ.ಜಿ. ತೋರಿಸ್ತು. ವಾಲ್ವ್ ಹತ್ರ ಲಿಫ್ಟ್ ಎಂಟೂವರೆ ಮಿ.ಮೀ.; ಅಷ್ಟು ಇನ್ನೂ ಅದುಮಿದರೆ ಹತ್ತಿರ ಹತ್ತಿರ 88. ನಮ್ಮ ಸಾಧು ಇಂಜಿನ್ನಿಗೆ ಇಷ್ಟು ಭಾರ ಯಾಕಪ್ಪಾ ಅನ್ನಿಸ್ತು. ಅದಕ್ಕಿಂತ ಹೆದರಿಸಿದ್ದು ಇನ್ನೊಂದು. ಸುತ್ತುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳೋ ಎತ್ತರ 25 ಮಿ.ಮೀ., ಅಂದ್ರೆ ವಾಲ್ವ್ ಪೂರ್ತಿ ತೆರೆದಾಗ ಉಳಿಯೋ ಜಾಗ ಬರೀ ಅರ್ಧ ಮಿಲಿಮೀಟರ್. ಸಾಮಾನ್ಯವಾಗಿ ಒಂದೂವರೆ ಬಿಡ್ತಾರೆ. ಅಕಸ್ಮಾತ್ ಸುತ್ತು ಅಂಟಿದ್ರೆ ಪುಶ್ ರಾಡ್ ಬಗ್ಗುತ್ತೆ, ಇಲ್ಲಾ ವಾಲ್ವನ್ನ ಅದುಮೋ ರಾಕರ್ ಮುರಿಯುತ್ತೆ.

ಮಾರಿದವರಿಗೆ ಫೋನ್ ಮಾಡಿದರೆ, "ರೇಸಿಂಗ್ ಸ್ಪ್ರಿಂಗ್ ಸಾರ್, ಗಟ್ಟಿ ಇದ್ದಷ್ಟೂ ಒಳ್ಳೇದು." ಯಾವ ಎತ್ತರಕ್ಕೆ ಎಷ್ಟು ಭಾರ ಅನ್ನೋ ಚೀಟಿ ಕೇಳಿದ್ದಕ್ಕೆ ಉತ್ತರ ಇಲ್ಲ.

ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನೋದು ಶುದ್ಧ ಸುಳ್ಳು. ಕ್ಯಾಮ್ ಮೇಲೆತ್ತಿದ ಟ್ಯಾಪೆಟ್ (ಕ್ಯಾಮ್ ಮೇಲೆ ಕೂರೋ ಸಣ್ಣ ಕೊಳವೆ ತುಂಡು), ಪುಶ್ ರಾಡ್, ರಾಕರ್, ವಾಲ್ವ್ ಇಷ್ಟನ್ನೂ ಕ್ಯಾಮ್ ಬೆನ್ನು ಬಿಡದ ಹಾಗೆ ವಾಪಸ್ ತರೋದು ಸ್ಪ್ರಿಂಗಿನ ಕೆಲಸ. ಇಂಜಿನ್ 5,000 ಸುತ್ತು ಹೊಡೆದ್ರೆ ಕ್ಯಾಮ್ ಅದರ ಅರ್ಧ, ಅಂದ್ರೆ ವಾಲ್ವ್ ನಿಮಿಷಕ್ಕೆ 2,500 ಸಲ ತೆರೆದು ಮುಚ್ಚಬೇಕು. ಸ್ಪ್ರಿಂಗ್ ಮೆತ್ತಗಾದ್ರೆ ವಾಲ್ವ್ ಹಿಂದೆ ಬೀಳುತ್ತೆ, ಸೀಟಿನ ಮೇಲೆ ಪುಟಿಯುತ್ತೆ. ಗಟ್ಟಿಯಾದ್ರೆ ಆ ಭಾರವನ್ನೆಲ್ಲ ಕ್ಯಾಮಿನ ಮೂಗು ಹೊರಬೇಕು. ದೊಡ್ಡ ವಾಲ್ವ್ ತೂಕ ಜಾಸ್ತಿ, ಅದಕ್ಕೆ ಸ್ವಲ್ಪ ಬಿಗಿ ಬೇಕು, ಒಪ್ಪೋಣ. ಎಷ್ಟು ಅನ್ನೋದನ್ನ ಕ್ಯಾಮಿನ ಆಕಾರ, ವಾಲ್ವಿನ ತೂಕ, ನೀವು ಓಡಿಸೋ ವೇಗ ಮೂರೂ ಸೇರಿ ಹೇಳಬೇಕು. ನನ್ನ ವೇಗವೋ! 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ದಶಪಥದಲ್ಲಿ ಬೈಕ್ ಬಿಡಲ್ಲ. ಮಂಡ್ಯದ ಮಾವನ ಮನೆಗೆ ಸರ್ವಿಸ್ ರಸ್ತೆಯ ಹಂಪ್, ಕಬ್ಬಿನ ಟ್ರಾಕ್ಟರ್ ನಡುವೆ ಹೋಗೋನಿಗೆ ರೇಸಿಂಗ್ ಸ್ಪ್ರಿಂಗ್ ಯಾಕೆ?

ಬೆಂಗಳೂರಿನ ಜೆ.ಸಿ. ರಸ್ತೇಲಿ ಹುಡುಕಿ ಬೇರೆ ಸ್ಪ್ರಿಂಗ್ ತಂದೆ, ಅಂಗಡೀಲೇ ವರ್ನಿಯರ್ ಹಿಡಿದು. 34 ಮಿ.ಮೀ. ಎತ್ತರದಲ್ಲಿ 30 ಕೆ.ಜಿ., ಪೂರ್ತಿ ಲಿಫ್ಟಿಗೆ 55 ದಾಟಿದರೆ ಹೆಚ್ಚು, ಉಳಿಯೋ ಜಾಗ ಸರಿಯಾಗಿ ಒಂದೂವರೆ. ಬೆಲೆ ಕಿಟ್ಟಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಕ್ಯಾಮ್ ಗೇರ್, ಟ್ಯಾಪೆಟ್ ಮತ್ತೆ ಕೊಂಡದ್ದೇ ಹೊಟ್ಟೆ ಉರಿಸಿದ್ದು. ಹೊಸ ಕ್ಯಾಮಿನ ಮೂಗಿಗೆ ಮಾಲಿಬ್ಡಿನಮ್ ಪೇಸ್ಟ್ ಬಳಿದು ಜೋಡಿಸಿದ್ವಿ.

ಅಲ್ಲಿಂದೀಚೆಗೆ ಗಾಡಿ ಬೇರೆಯೇ ಆಗಿದೆ. ಬೆಟ್ಟದಲ್ಲಿ ಎಳೆತ ಒಂಚೂರೂ ಕಮ್ಮಿ ಆಗಿಲ್ಲ, ಟೈಮಿಂಗ್ ಕಡೆಯ ಕಟಕಟ ನಿಂತಿದೆ. ಭಾನುವಾರ ಕವರ್ ಬಿಚ್ತೀನಿ, ರಾಡ್ ತಿರುಗಿಸ್ತೀನಿ, ಸ್ಪ್ಯಾನರ್ ಮುಟ್ಟೋ ಕೆಲಸವೇ ಇರಲ್ಲ. ಸ್ವಲ್ಪ ಬೇಜಾರೂ ಆಗುತ್ತೆ ಅನ್ನಿ.

ಹೆಡ್‌ಗೆ ನಾಲ್ಕೂವರೆ ಸ್ಟಾರ್, ಕ್ಯಾಮಿಗೆ ನಾಲ್ಕು. ಸ್ಪ್ರಿಂಗಿಗೆ ಶೀರ್ಷಿಕೇಲಿ ಹೇಳಿದಷ್ಟೇ. ಕಿಟ್ ತಗೊಳ್ಳೋರು ಸ್ಪ್ರಿಂಗ್ ಬಿಟ್ಟು ಕೊಡ್ತೀರಾ ಅಂತ ಮೊದಲೇ ಕೇಳಿ. ಒಪ್ಪಿದ್ರೆ ಆ ದುಡ್ಡು ಕಳೆದು ಕೊಡಿ.