ಅರು ಶಾ ಕೊಡಿಸುವ ಮೊದಲು ಮಯಸಭೆಯ ಕಥೆ ಹೇಳಿ

ಯಮಲೋಕದ ದಾರಿಯಲ್ಲಿ ಒಂದು ಪಾಳು ಅರಮನೆ. ಒಂದು ಕಾಲಕ್ಕೆ ಐವರು ಅಣ್ಣತಮ್ಮಂದಿರು ಅಲ್ಲಿ ಬಾಳಿದ್ದರು. ಬಿಟ್ಟು ಹೋದವರು ಮತ್ತೆ ತಿರುಗಿ ನೋಡಲಿಲ್ಲ. ಯುಗಗಳ ನಂತರ ಇಬ್ಬರು ಹುಡುಗಿಯರು ಹೊಸ್ತಿಲು ದಾಟಿದಾಗ ಅರಮನೆಗೆ ಅವರ ಗುರುತು ಹತ್ತುವುದಿಲ್ಲ. ಅದಕ್ಕೆ ಸಿಟ್ಟಿದೆ, ಸಿಟ್ಟಿನ ಅಡಿಯಲ್ಲಿ ನೋವಿದೆ. ಅದು ಮಯ ಕಟ್ಟಿದ ಸಭೆ. ದುರ್ಯೋಧನ ನೀರೆಂದು ತಿಳಿಯದೆ ಕಾಲಿಟ್ಟು ಬಿದ್ದ ಅದೇ ಮಯಸಭೆ. ರೋಶನಿ ಚೋಕ್ಷಿಯವರು ಮಕ್ಕಳಿಗಾಗಿ ಬರೆದ, ಅರು ಶಾ ಎಂಬ ಹುಡುಗಿಯ ಕಥೆಯಾದ ‘ಪಾಂಡವ’ ಸರಣಿಯ ಮೊದಲ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಅಧ್ಯಾಯ ಇಲ್ಲ. ಮೂಲ ಕಥೆ ಗೊತ್ತಿದ್ದ ಮಗುವಿಗೆ ಇಲ್ಲಿ ಗಂಟಲು ಕಟ್ಟುತ್ತದೆ. ಗೊತ್ತಿಲ್ಲದ ಮಗುವಿಗೆ ಇದು ಬಾಗಿಲು, ಕನ್ನಡಿ, ಬಲೆಗಳ ಇನ್ನೊಂದು ವಿಚಿತ್ರ ಮನೆ, ಅಷ್ಟೇ. ಐದೂ ಪುಸ್ತಕಗಳ ಸ್ವಾರಸ್ಯ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ.

ಮೊದಲು ಓದುವ ಕ್ರಮ. ‘ಅರು ಶಾ ಅಂಡ್ ದಿ ಎಂಡ್ ಆಫ್ ಟೈಮ್’ 2018ರಲ್ಲಿ ಬಂತು. ಆಮೇಲೆ ವರ್ಷಕ್ಕೊಂದರಂತೆ ‘ಸಾಂಗ್ ಆಫ್ ಡೆತ್’ (2019), ‘ಟ್ರೀ ಆಫ್ ವಿಶಸ್’ (2020), ‘ಸಿಟಿ ಆಫ್ ಗೋಲ್ಡ್’ (2021), ‘ನೆಕ್ಟರ್ ಆಫ್ ಇಮ್ಮಾರ್ಟಾಲಿಟಿ’ (2022). ಇದೇ ಕ್ರಮದಲ್ಲಿ ಓದಬೇಕು, ನಡುವಿನ ಒಂದನ್ನು ಬಿಟ್ಟರೂ ಮುಂದಿನದು ಅರ್ಥವಾಗುವುದಿಲ್ಲ. ಭಾಷೆ ಇಂಗ್ಲಿಷ್. ಎಂಟರಿಂದ ಹನ್ನೆರಡು ವರ್ಷದವರಿಗೆ ಎಂದು ಹೇಳುತ್ತಾರಾದರೂ ಮೂರನೆಯ ಪುಸ್ತಕಕ್ಕೆ ಬರುವಾಗ ಅರುವಿಗೇ ಹದಿನಾಲ್ಕು, ಎಳೆಯ ಪ್ರೀತಿಯ ತಳಮಳವೂ ಶುರುವಾಗಿರುತ್ತದೆ. ಹತ್ತು ವರ್ಷಕ್ಕೆ ಮೊದಲನೆಯದನ್ನು ಕೈಗೆ ಕೊಟ್ಟು ವರ್ಷಕ್ಕೊಂದರಂತೆ ಓದಿಸಿದರೆ ಓದುವ ಮಗುವಿನ ವಯಸ್ಸು ಪಾತ್ರಗಳ ವಯಸ್ಸಿನ ಹಿಂದೆಯೇ ಸಾಗುತ್ತದೆ.

ಕಥೆ ಅಮೆರಿಕದ ಅಟ್ಲಾಂಟಾದಲ್ಲಿ ನಡೆಯುತ್ತದೆ. ಹನ್ನೆರಡರ ಅರು ಇರುವುದು ತಾಯಿ ನೋಡಿಕೊಳ್ಳುವ ವಸ್ತುಸಂಗ್ರಹಾಲಯದಲ್ಲಿ. ಶಾಲೆಯಲ್ಲಿ ಸುಳ್ಳು ಹೇಳುವ ಚಟ. ಸಹಪಾಠಿಗಳು ಸುಳ್ಳನ್ನು ಬಯಲು ಮಾಡಲು ಮನೆಗೇ ಬಂದು ಸವಾಲು ಹಾಕುತ್ತಾರೆ, ಇವಳು ಮುಟ್ಟಬಾರದ ಭರತನ ದೀಪವನ್ನು ಹಚ್ಚಿಬಿಡುತ್ತಾಳೆ. ಸ್ಲೀಪರ್ ಎಂಬ ದುಷ್ಟಶಕ್ತಿ ಬಿಡುಗಡೆಯಾಗುತ್ತದೆ, ತಾಯಿ ನಿಂತಲ್ಲೇ ಕಲ್ಲಿನಂತಾಗುತ್ತಾಳೆ, ಸರಿಪಡಿಸಲು ಇರುವುದು ಒಂಬತ್ತು ದಿನ. ಅರುವಿನೊಳಗಿರುವುದು ಅರ್ಜುನನ ಆತ್ಮ. ಎಲ್ಲಕ್ಕೂ ಹೆದರುವ, ಕಾಯಿಲೆಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿಕೊಂಡ ಮಿನಿಯೊಳಗೆ ಧರ್ಮರಾಯ. ಎರಡನೆಯ ಪುಸ್ತಕದಲ್ಲಿ ಸೇರಿಕೊಳ್ಳುವ ಬ್ರಿನ್ ಭೀಮ. ಅವಳ ಪೂರ್ತಿ ಹೆಸರು ಬ್ರಿನ್ ತ್ವರಿಕಾ ಲಕ್ಷ್ಮಿ ಬಾಲಮುರಳಿಕೃಷ್ಣ ರಾವ್. ಅಡುಗೆ ಎಂದರೆ ಅವಳಿಗೆ ಪ್ರಾಣ. ವಿರಾಟನ ಮನೆಯಲ್ಲಿ ಭೀಮ ಬಲ್ಲವನಾಗಿ ಸೌಟು ಹಿಡಿದದ್ದು ಗೊತ್ತಿದ್ದ ಮಗುವಿಗೆ ಅವಳು ಒಲೆಯ ಮುಂದೆ ನಿಂತಾಗಲೆಲ್ಲ ಒಂದು ಪುಳಕ.

ಒಂದು ವಿಷಯವನ್ನು ಮೊದಲೇ ಬಿಡಿಸಿ ಹೇಳಿಬಿಡಿ. ಈ ಹುಡುಗಿಯರು ಒಡಹುಟ್ಟಿದವರಲ್ಲ. ಇಂದ್ರ, ಯಮ, ವಾಯು ಇವರಿಗೆ ಆತ್ಮದ ಲೆಕ್ಕದಲ್ಲಿ ತಂದೆಯರು, ಹೆತ್ತವರು ಬೇರೆ. ಇದು ಸ್ಪಷ್ಟವಿಲ್ಲದಿದ್ದರೆ ಎರಡನೆಯ ಪುಸ್ತಕದಲ್ಲಿ ಐಡನ್ ಎಂಬ ಹುಡುಗ ಬಂದ ಮೇಲೆ ಮಕ್ಕಳ ತಲೆ ಗೋಜಲಾಗುತ್ತದೆ. ಅವನೊಳಗಿರುವುದು ದ್ರೌಪದಿಯ ಆತ್ಮ.

ಇದನ್ನು ಕೇಳಿ ಪುರಾಣ ಕೆಡಿಸಿದರು ಎನ್ನುವ ಹಿರಿಯರಿಗೆ ಕನ್ನಡದಿಂದಲೇ ಉತ್ತರವಿದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಆ ಅರ್ಜುನನೋ ಕವಿಯ ದೊರೆ ಅರಿಕೇಸರಿಯ ಮುಖ ಹೊತ್ತವನು. ರನ್ನನ ‘ಗದಾಯುದ್ಧ’ದ ನಾಯಕ ಭೀಮನಾದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ದುರ್ಯೋಧನನ ಛಲ. ಭಾರತವನ್ನು ತನ್ನ ಕಾಲಕ್ಕೆ ತಿರುಗಿಸಿ ಹೇಳುವುದು ನಮಗೆ ಸಾವಿರ ವರ್ಷದ ರೂಢಿ. ಕೇಳಬೇಕಾದ ಪ್ರಶ್ನೆ ಬೇರೆ: ತಿರುಗಿಸಿದಾಗ ಪಾತ್ರದ ತಿರುಳು ಉಳಿಯಿತೇ? ಇಲ್ಲಿ ಬಹುಪಾಲು ಉಳಿದಿದೆ. ಹುಡುಗಿಯರಿಗೆ ಮಾರ್ಗದರ್ಶಿಯಾಗಿ ಬರುವ ಬೂ ಎಂಬ ಸಿಡುಕು ಪಾರಿವಾಳವನ್ನೇ ನೋಡಿ. ಅದರ ಪೂರ್ತಿ ಹೆಸರು ಸುಬಲ. ಗಾಂಧಾರದ ದೊರೆಯ, ಅಂದರೆ ಶಕುನಿಯ ತಂದೆಯ ಹೆಸರು ನೆನಪಾದವರು ಅಲ್ಲೇ ಒಮ್ಮೆ ನಿಲ್ಲುತ್ತಾರೆ. ಸಂಸ್ಕೃತದಲ್ಲಿ ‘ಶಕುನಿ’ ಎಂದರೆ ಹಕ್ಕಿ ಎಂಬುದೂ ಗೊತ್ತಿದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಕೆಟ್ಟವನೆಂದು ಹಣೆಪಟ್ಟಿ ಹಚ್ಚಿಸಿಕೊಂಡವನಿಗೆ ತಿದ್ದಿಕೊಳ್ಳುವ ಅವಕಾಶ ಇದೆಯೇ ಎಂಬ ಪ್ರಶ್ನೆಯನ್ನು ಲೇಖಕಿ ಒಂದು ಪಾರಿವಾಳದ ರೆಕ್ಕೆಯ ಮೇಲೆ ಇಟ್ಟಿದ್ದಾರೆ. ನಿಜಕ್ಕೂ ದೊಡ್ಡ ಕಲ್ಪನೆ ಇದು.

ಪ್ರತಿ ಪುಸ್ತಕಕ್ಕೂ ಮೊದಲು ಯಾವ ಕಥೆ ಹೇಳಬೇಕು? ಮೊದಲನೆಯದಕ್ಕೆ ಕುಂತಿಗೆ ದೂರ್ವಾಸರು ಕೊಟ್ಟ ಮಂತ್ರ, ಪಾಂಡವರ ಹುಟ್ಟು, ಖಾಂಡವದಹನ, ಮಯಸಭೆ, ಭಸ್ಮಾಸುರ. ಭಸ್ಮಾಸುರ ಇಲ್ಲಿ ಬ್ರಹ್ಮಾಸುರ ಎಂಬ ಹೆಸರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾನೆ, ಹಾಗಾಗಿ ಹೆಸರು ನೋಡಿ ಗೊಂದಲ ಬೇಡ. ಎರಡನೆಯದಕ್ಕೆ ಮನ್ಮಥ, ಸಮುದ್ರಮಥನ, ಶೂರ್ಪನಖಿ. ಕಳುವಾಗಿರುವುದು ಮನ್ಮಥನ ಬಿಲ್ಲು ಬಾಣ, ಆರೋಪ ಅರುವಿನ ಮೇಲೆ. ಮೂರನೆಯದಕ್ಕೆ ಕಲ್ಪವೃಕ್ಷ ಮತ್ತು ಅಶ್ವಿನಿ ದೇವತೆಗಳು ಸಾಕು. ನಾಲ್ಕನೆಯದಕ್ಕೆ ಕುಬೇರ ಲಂಕೆಯನ್ನು ಕಳೆದುಕೊಂಡ ಕಥೆ. ಐದನೆಯದಕ್ಕೆ ಅಮೃತ ಹಂಚಿದ ಮೋಹಿನಿ. ಇಷ್ಟಕ್ಕೆ ಮಲಗುವ ಹೊತ್ತಿನ ಮೂರ್ನಾಲ್ಕು ದಿನ ಬೇಕಾದೀತು. ಹೇಳುವವರಿಗೇ ಕಥೆ ಮಸುಕಾಗಿದ್ದರೆ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಪಕ್ಕದಲ್ಲಿರಲಿ. ಮಕ್ಕಳೇ ಓದಿಕೊಳ್ಳುವುದಾದರೆ ಅಮರ ಚಿತ್ರ ಕಥೆಯ 42 ಸಂಚಿಕೆಗಳ ಮಹಾಭಾರತ.

ಅಮೆರಿಕ, ಇಂಗ್ಲೆಂಡಿನಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಉಚ್ಚಾರಣೆಯದೇ ತೊಡಕು. ಇಂಗ್ಲಿಷ್ ಅಕ್ಷರದಲ್ಲಿ ಡ–ದ, ಣ–ನ, ಳ–ಲ ಭೇದ ಇಲ್ಲ. ಮಿನಿಯ ಆಯುಧವಾದ ಯಮದಂಡ ಮಕ್ಕಳ ಬಾಯಲ್ಲಿ ‘ಡ್ಯಾಂಡಾ’ ಆಗುತ್ತದೆ. ಒಮ್ಮೆ ನಾಲಗೆಗೆ ಹತ್ತಿದ ತಪ್ಪು ಆಮೇಲೆ ಸುಲಭಕ್ಕೆ ಬಿಡುವುದಿಲ್ಲ. ಕೊನೆಯಲ್ಲಿ ಪದಕೋಶವಿದೆ, ಚೆನ್ನಾಗಿಯೂ ಇದೆ, ಪುರಾಣ ಊರಿಂದೂರಿಗೆ ಬದಲಾಗುತ್ತದೆ ಎಂದು ಲೇಖಕಿ ಅಲ್ಲಿ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾರೆ. ಆದರೆ ಮಕ್ಕಳು ಅದನ್ನು ನೋಡುವುದು ಪುಸ್ತಕ ಮುಗಿದ ಮೇಲೆ. ಓದು ಶುರುವಾಗುವ ಮೊದಲೇ ಆ ಪುಟಗಳಲ್ಲಿ ಪ್ರತಿ ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ಕನ್ನಡ ಲಿಪಿಯಲ್ಲಿ ಬರೆದು, ಒಮ್ಮೆ ಗಟ್ಟಿಯಾಗಿ ಓದಿಸಿ. ಅರ್ಧ ಗಂಟೆಯ ಕೆಲಸ.

ಕೊರತೆಗಳೂ ಇವೆ. ತಮಾಷೆ ಅತಿಯಾಗಿದೆ. ಅಮೆರಿಕದ ಸಿನಿಮಾ, ಅಂಗಡಿ, ತಿಂಡಿಗಳ ಪ್ರಸ್ತಾಪ ಪುಟಪುಟಕ್ಕೂ ಬಂದು ಬೆಂಗಳೂರು, ಧಾರವಾಡದ ಮಗು ಎಡವುತ್ತದೆ. ಸಾವಿನ ಲೋಕದಲ್ಲೂ ಪಾತ್ರಗಳು ಚಟಾಕಿ ಹಾರಿಸುವುದರಿಂದ ಭಯ ಹುಟ್ಟಬೇಕಾದಲ್ಲಿ ಹುಟ್ಟುವುದಿಲ್ಲ. ಎರಡು ಮತ್ತು ಮೂರನೆಯ ಪುಸ್ತಕಗಳ ನಡುಭಾಗ ಒಂದೇ ಜಾಡಿನಲ್ಲಿ ಓಡುತ್ತದೆ: ಒಂದು ವಸ್ತು ಹುಡುಕು, ಪುರಾಣದ ಒಬ್ಬರನ್ನು ಭೇಟಿಯಾಗು, ಒಂದು ಪರೀಕ್ಷೆ ಗೆಲ್ಲು, ಮುಂದಿನ ವಸ್ತು. ಹಲವು ಮಕ್ಕಳು ಕೈಬಿಡುವುದು ಮೂರನೆಯದರ ಮೊದಲರ್ಧದಲ್ಲಿ. ಹತ್ತು ವರ್ಷದ ಅವಳಿಗಳು ನಿಕಿತಾ, ಶೀಲಾ ಬಂದು ಗುಂಪು ದೊಡ್ಡದಾಗಿ ಯಾರು ಯಾರ ಆತ್ಮ ಎಂಬುದು ಕಲಸಿಹೋಗುತ್ತದೆ. ಅವಳಿಗಳಲ್ಲಿ ನಕುಲ ಸಹದೇವರಿದ್ದಾರೆ ಎಂದು ಒಂದು ಚೀಟಿ ಬರೆದು ಪುಟದೊಳಗೆ ಇಟ್ಟರೆ ಆ ಘಟ್ಟ ದಾಟುತ್ತದೆ. ಅಲ್ಲಿ ಬಿಡುವುದು ದೊಡ್ಡ ನಷ್ಟ, ಸರಣಿಯ ಅತ್ಯಂತ ಗಟ್ಟಿ ಪುಸ್ತಕ ಅದರ ಮುಂದಿನದು.

ಆ ನಾಲ್ಕನೆಯದರಲ್ಲಿ ಕಾರಾ ಎಂಬ ಹುಡುಗಿ ಮುನ್ನೆಲೆಗೆ ಬರುತ್ತಾಳೆ. ಹೆಸರಿನ ಮೊದಲ ಅಕ್ಷರವೇ ಸುಳಿವು. ಬೇರೆ ಕಥೆಗಳನ್ನೆಲ್ಲ ಮರೆತರೂ ಕರ್ಣನ ಕಥೆಯನ್ನು ಮಾತ್ರ ನಾಲ್ಕನೆಯ ಪುಸ್ತಕ ತೆರೆಯುವ ಮೊದಲು ಪೂರ್ತಿ ಹೇಳಿ: ನದಿಯಲ್ಲಿ ತೇಲಿಬಿಟ್ಟ ಪೆಟ್ಟಿಗೆ, ಸೂತನ ಮನೆ, ರಂಗಭೂಮಿಯ ಅವಮಾನ, ಅಂಗರಾಜ್ಯ, ಯುದ್ಧಕ್ಕೆ ಮೊದಲು ಮಗನೆದುರು ಬಂದು ನಿಂತ ಕುಂತಿ. ಕುಂತಿಯ ಮಾತಿಗೆ ಕರ್ಣ ಏನೆಂದ ಎಂಬುದನ್ನು ಅವಸರ ಮಾಡದೆ ಹೇಳಿ. ಕಾರಾ ಯಾರ ಕಡೆ ನಿಲ್ಲುತ್ತಾಳೋ ಎಂದು ಮಗು ಪುಟ ತಿರುವುವಾಗ ಆ ಮಾತು ಅದರ ಕಿವಿಯಲ್ಲಿರಬೇಕು.